ಹದಿನಾಲ್ಕು ಕೋರ್, ಎಂಟು ಕೋರ್

ಇಂಟೆಲ್‌ನ ಜಿಯಾನ್ ಇ5-2680 ವಿ4 ಪ್ರೊಸೆಸರು ಅಂಗೈಯಲ್ಲಿ ಅರ್ಧ ಜಾಗ ಹಿಡಿಯುತ್ತದೆ. ಸುಮಾರು ಐದು ಸೆಂಟಿಮೀಟರ್ ಉದ್ದ, ನಾಲ್ಕೂವರೆ ಅಗಲದ ಹಸಿರು ಬಿಲ್ಲೆ. ಮೇಲೊಂದು ಲೋಹದ ಮುಚ್ಚಳ. ಮುಚ್ಚಳದ ಮೇಲೆ ಕೊರೆದ ಹೆಸರು, ಸಂಖ್ಯೆ. ಮಗುಚಿದರೆ ಚಿನ್ನದ ಲೇಪದ 2011 ಪುಟ್ಟ ಚುಕ್ಕೆಗಳು ಸಾಲುಗಟ್ಟಿ ಹೊಳೆಯುತ್ತವೆ. 2016ರ ಮಾರ್ಚ್ ಕೊನೆಯಲ್ಲಿ ಇದು ಮಾರುಕಟ್ಟೆಗೆ ಬಂದಾಗ ಪಟ್ಟಿಯ ಬೆಲೆ 1745 ಡಾಲರ್, ಆಗಿನ ಲೆಕ್ಕಕ್ಕೆ ಲಕ್ಷ ರೂಪಾಯಿಗೂ ಮೇಲೆ. ಈಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದೇ ಬಿಲ್ಲೆ ಕೆಲವೇ ಸಾವಿರಕ್ಕೆ ಸಿಗುತ್ತದೆ. ಡೇಟಾ ಸೆಂಟರುಗಳು ಹೊಸ ಯಂತ್ರ ತರಿಸಿಕೊಂಡಾಗ ಹಳೆಯವನ್ನು ರಾಶಿಗಟ್ಟಲೆ ಹೊರಗೆ ಹಾಕುತ್ತವೆ. ಬಿಚ್ಚಿದ ಪ್ರೊಸೆಸರುಗಳು ಕೈಯಿಂದ ಕೈಗೆ ದಾಟಿ ಅಂಗಡಿಗಳ ಗಾಜಿನ ಕಪಾಟಿಗೆ ಬಂದು ಕೂರುತ್ತವೆ. ಅಂಥದ್ದೊಂದು ನನ್ನ ಮೇಜಿನ ಕೆಳಗಿನ ಯಂತ್ರದಲ್ಲಿದೆ.

ಮೇಜಿನ ಮೇಲಿರುವುದು ಮಗಳ ಲ್ಯಾಪ್‌ಟಾಪ್. ಅದರೊಳಗಿನದು ಎಎಂಡಿಯ ರೈಜೆನ್ 7 7840ಯು, 2023ರಲ್ಲಿ ಬಂದದ್ದು. ಅದನ್ನು ಕಳಚಿ ಕೈಯಲ್ಲಿ ಹಿಡಿದು ನೋಡುವ ಹಾಗಿಲ್ಲ, ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೋರ್ ಎಂದರೆ ಲೆಕ್ಕ ಮಾಡುವ ಘಟಕ; ಹಳೆಯದರಲ್ಲಿ 14 ಕೋರ್, ಹೊಸದರಲ್ಲಿ 8. ಹಳೆಯದಕ್ಕೆ 120 ವ್ಯಾಟ್, ಹೊಸದಕ್ಕೆ ಸಾಮಾನ್ಯವಾಗಿ 28. ಊರಿನಿಂದ ಬಂದ ಅಕ್ಕನ ಮಗ, ಎಂಜಿನಿಯರಿಂಗ್ ಓದುವ ಹುಡುಗ, ಎರಡನ್ನೂ ನೋಡಿ ಕೇಳಿದ: "ಮಾವ, ಕೆಳಗಿರೋದು ಸರ್ವರ್ ಪ್ರೊಸೆಸರ್ ಅಲ್ವಾ? ಅದರ ಮುಂದೆ ಲ್ಯಾಪ್‌ಟಾಪ್ ಏನು ಮಹಾ?" ಅವನೊಬ್ಬನ ಮಾತಲ್ಲ ಇದು. ಬ್ಯಾಂಕು, ರೈಲ್ವೆ, ಆಸ್ಪತ್ರೆಗಳ ಹಿಂದೆ ದುಡಿಯುವ ಯಂತ್ರ ಮನೆಯ ಯಂತ್ರಕ್ಕಿಂತ ಎಲ್ಲದರಲ್ಲೂ ಮೇಲಿರಬೇಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಆ ಹುಡುಗನಿಗೆ ಅಂದು ಊಟದ ಹೊತ್ತಿನವರೆಗೂ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು, ಕೆಲಸ ಬಿಟ್ಟು ಪ್ರೊಸೆಸರನ್ನು ಅಳೆಯಲಾಗದು. ಹಕ್ಕುಸ್ವಾಮ್ಯ ಮುಗಿದ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಪುಟದ ಚಿತ್ರವನ್ನು ಓದಬಲ್ಲ, ಹುಡುಕಬಲ್ಲ ಅಕ್ಷರವಾಗಿ ಮಾಡುವುದು ನನಗೆ ಪ್ರೀತಿಯ ಕೆಲಸ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ಹಳೆಯ ಅಚ್ಚಿನ ಒತ್ತಕ್ಷರ, ಮಸಿ ಹರಡಿದ ಅರ್ಕಾವತ್ತು, ಹುಳು ತಿಂದ ಅಂಚು ಇವೆಲ್ಲ ಅದಕ್ಕೆ ಕಷ್ಟವೇ. ಆದರೂ ಮುಕ್ಕಾಲು ಭಾರ ಇಳಿಸುತ್ತದೆ, ಉಳಿದದ್ದನ್ನು ಕಣ್ಣಿಟ್ಟು ತಿದ್ದಬೇಕು.

ಒಂದೇ ಒಂದು ಪುಟ ಕೊಟ್ಟು ನೋಡಿದರೆ ಲ್ಯಾಪ್‌ಟಾಪ್ ಹೆಚ್ಚುಕಡಿಮೆ ಅರ್ಧ ಹೊತ್ತಿನಲ್ಲಿ ಮುಗಿಸುತ್ತದೆ. ಜಿಯಾನ್‌ನ ಮೂಲ ವೇಗ 2.4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 240 ಕೋಟಿ ಮಿಡಿತ. ಒತ್ತಾಯಕ್ಕೆ ಒಂದೆರಡು ಕೋರ್ ಮಾತ್ರ 330 ಕೋಟಿಗೆ ಏರಬಹುದು. ರೈಜೆನ್ 510 ಕೋಟಿವರೆಗೆ ಹೋಗುತ್ತದೆ. ಮಿಡಿತದ ಎಣಿಕೆಯಲ್ಲೇ ಕಥೆ ಮುಗಿಯುವುದಿಲ್ಲ. ಒಂದು ಮಿಡಿತದಲ್ಲಿ ಎಷ್ಟು ಕೆಲಸ ಸಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ವಿಷಯ. ಆಧುನಿಕ ಪ್ರೊಸೆಸರು ಆದೇಶಗಳನ್ನು ಬಂದ ಸಾಲಿನಲ್ಲೇ ಮುಗಿಸಬೇಕೆಂದು ಕಾಯುವುದಿಲ್ಲ. ಮುಂದಿನ ನೂರಾರು ಆದೇಶಗಳ ಮೇಲೆ ಕಣ್ಣಾಡಿಸಿ, ಯಾವುದಕ್ಕೆ ಬೇಕಾದ ಸಾಮಗ್ರಿ ಕೈಗೆ ಬಂದಿದೆಯೋ ಅದನ್ನು ಮೊದಲು ಮುಗಿಸುತ್ತದೆ. ನನ್ನ ಜಿಯಾನ್‌ನ ಕೋರ್ ಹೀಗೆ ಒಮ್ಮೆಗೆ 192 ಆದೇಶಗಳನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬಲ್ಲದು, ರೈಜೆನ್‌ನ ಕೋರ್ 320. ಪ್ರತಿ ಕೋರ್‌ಗೆ ಹತ್ತಿರದಲ್ಲೇ ಇರುವ ಎರಡನೇ ಹಂತದ ಕ್ಯಾಶ್ ಎಂಬ ಕಿರು ಮೆಮೊರಿ ಹಳೆಯದರಲ್ಲಿ 256 ಕೆಬಿ, ಹೊಸದರಲ್ಲಿ 1 ಎಂಬಿ. ಕವಲು ದಾರಿಯಲ್ಲಿ ಪ್ರೋಗ್ರಾಮು ಯಾವ ಕಡೆ ತಿರುಗೀತು ಎಂದು ಮೊದಲೇ ಊಹಿಸುವ ಭಾಗವೂ ಹೊಸದರಲ್ಲಿ ಬಹಳ ಚುರುಕು. ಸುಮಾರು 306 ಚದರ ಮಿಲಿಮೀಟರಿನ ಹಳೆಯ ಸಿಲಿಕಾನ್ ತುಂಡಿನಲ್ಲಿ 470 ಕೋಟಿ ಟ್ರಾನ್ಸಿಸ್ಟರ್ ಇದ್ದರೆ, 178 ಚದರ ಮಿಲಿಮೀಟರಿನ ಹೊಸದರಲ್ಲಿ ಗ್ರಾಫಿಕ್ಸ್ ಭಾಗವೂ ಸೇರಿ 2500 ಕೋಟಿ ಇವೆ. ಏಳು ವರ್ಷದಲ್ಲಿ ಮನುಷ್ಯರು ಇಷ್ಟು ದೂರ ಬಂದರಲ್ಲ ಎಂದು ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

"ಒಂದು ಪುಟ ಬಿಡಿ ಮಾವ, ಇಡೀ ಪುಸ್ತಕ ಕೊಡಿ" ಅಂದ ಹುಡುಗ. ಸರಿಯಾದ ಮಾತು. ಹದಿನಾಲ್ಕು ಕೋರ್ ಇರುವುದೇ ಅದಕ್ಕೆ.

ಮಲೆನಾಡಿನಲ್ಲಿ ಅಡಿಕೆ ಸುಲಿಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರಾತ್ರಿ ಚಪ್ಪರದಡಿ ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಾರೆ. ಒಬ್ಬೊಬ್ಬರ ಮುಂದೆ ಒಂದೊಂದು ರಾಶಿ. ಒಬ್ಬರ ಅಡಿಕೆಗೆ ಇನ್ನೊಬ್ಬರು ಕಾಯಬೇಕಿಲ್ಲ. ಕೈ ಹೆಚ್ಚಿದಷ್ಟೂ ರಾಶಿ ಬೇಗ ಕರಗುತ್ತದೆ. ಬೇಯಿಸುವುದು ಮಾತ್ರ ಒಂದೇ ಹಂಡೆಯಲ್ಲಿ. ಅಲ್ಲಿ ಇನ್ನೂ ಹತ್ತು ಜನ ಬಂದು ನಿಂತರೂ ನೀರು ಕುದಿಯುವಷ್ಟು ಹೊತ್ತು ಕುದಿಯಲೇಬೇಕು. ಕಂಪ್ಯೂಟರ್ ಲೋಕದಲ್ಲಿ ಈ ಲೆಕ್ಕವನ್ನು ಜೀನ್ ಆಮ್ಡಾಲ್ ಎಂಬ ಎಂಜಿನಿಯರ್ 1967ರಲ್ಲಿ ಮುಂದಿಟ್ಟರು. ಕೆಲಸದ ಹತ್ತನೇ ಒಂದು ಪಾಲು ಹಂಚಲಾಗದ್ದು ಎಂದಿಟ್ಟುಕೊಳ್ಳಿ. 14 ಕೋರ್ ಹಚ್ಚಿದರೂ ಆರು ಪಟ್ಟಿನ ಆಸುಪಾಸು ವೇಗ ಸಿಕ್ಕೀತೇ ಹೊರತು ಹದಿನಾಲ್ಕು ಪಟ್ಟು ಸಿಗದು. ಸಾವಿರ ಕೋರ್ ಹಚ್ಚಿದರೂ ಹತ್ತು ಪಟ್ಟು ದಾಟದು.

ಪುಸ್ತಕದ ಪುಟಗಳು ಸುಲಿಯುವ ಅಡಿಕೆಯ ಜಾತಿಯವು. ಒಂದೊಂದು ಕೋರ್‌ಗೆ ಒಂದೊಂದು ಪುಟ ಕೊಡಬಹುದು. ಕೊನೆಗೆ ಎಲ್ಲವನ್ನೂ ಜೋಡಿಸಿ ಒಂದೇ ಪಿಡಿಎಫ್ ಮಾಡುವುದು ಮಾತ್ರ ಒಬ್ಬರೇ ಮಾಡುವ ಕೆಲಸ. ನಾವಿಬ್ಬರೂ ಒಂದೇ ಪುಸ್ತಕವನ್ನು ಎರಡೂ ಯಂತ್ರಕ್ಕೆ ಕೊಟ್ಟೆವು. ಆರಂಭದಲ್ಲಿ ಲ್ಯಾಪ್‌ಟಾಪ್ ಓಡಿತು. ಸ್ವಲ್ಪ ಹೊತ್ತಿನಲ್ಲಿ ಅದರ ಫ್ಯಾನು ಕೂಗತೊಡಗಿತು, ಕೀಲಿಮಣೆಯ ಮೇಲ್ಭಾಗ ಬಿಸಿಯಾಯಿತು, ವೇಗ ಇಳಿಯಿತು. ತೆಳ್ಳನೆಯ ಡಬ್ಬಿಯಲ್ಲಿ ಶಾಖ ಹೊರಹೋಗಲು ದಾರಿ ಕಡಿಮೆ. ಹಾಗಾಗಿ ಪ್ರೊಸೆಸರು ತನ್ನ ಮಿಡಿತವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕೆಳಗಿನ ಜಿಯಾನ್ ಮಾತ್ರ ಮೊದಲ ಪುಟಕ್ಕೆ ಹಿಡಿದ ಲಯವನ್ನು ಕೊನೆಯ ಪುಟದವರೆಗೂ ಬಿಡಲಿಲ್ಲ. ಆದರೂ ಪುಸ್ತಕ ಮೊದಲು ಮುಗಿದದ್ದು ಲ್ಯಾಪ್‌ಟಾಪಿನಲ್ಲೇ, ಅಂತರ ಮಾತ್ರ ಸಣ್ಣದು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರೆ ಸರ್ವರ್ ಮಾಡೋರು ಇಷ್ಟು ನಿಧಾನದ ಕೋರ್ ಯಾಕೆ ಹಾಕ್ತಾರೆ?" ಅಂದ.

ಅದು ನಿಜವಾದ ಪ್ರಶ್ನೆ. ಮಿಡಿತ ಹೆಚ್ಚಿಸಬೇಕಾದರೆ ವೋಲ್ಟೇಜೂ ಹೆಚ್ಚಬೇಕು. ವಿದ್ಯುತ್ ಖರ್ಚು ಮಿಡಿತದ ಜೊತೆಗೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕೊನೆಯ ಒಂದಿಷ್ಟು ವೇಗಕ್ಕೆ ತೆರುವ ಬೆಲೆ ವಿಪರೀತ. ಸಾವಿರಾರು ಜನ ಒಟ್ಟಿಗೆ ಬಾಗಿಲು ತಟ್ಟುವ ಕಡೆ ಒಬ್ಬರಿಗೆ ಅತಿ ಬೇಗ ಉತ್ತರಿಸುವುದಕ್ಕಿಂತ ಎಲ್ಲರಿಗೂ ಸಮನಾಗಿ, ಹಗಲಿರುಳು ಉತ್ತರಿಸುವುದು ಮುಖ್ಯ. ಅದಕ್ಕೇ ಹೆಚ್ಚು ಕೋರ್, ತಗ್ಗಿದ ಮಿಡಿತ.

ಈ ಮಿತವ್ಯಯದ ಪಾಠವನ್ನು ಸರ್ವರ್‌ಗೆ ಕಲಿಸಿದ್ದು ಲ್ಯಾಪ್‌ಟಾಪೇ. ಈ ಕಥೆ ನನಗೆ ಬಹಳ ಇಷ್ಟ, ಅದರಲ್ಲಿ ಬೆಂಗಳೂರಿನ ಪಾಲೂ ಇದೆ. 2000ದ ನಂತರದ ಕೆಲವು ವರ್ಷ ಇಂಟೆಲ್ ಮಿಡಿತದ ಹಿಂದೆ ಬಿದ್ದಿತ್ತು. ಪೆಂಟಿಯಂ 4 ಪ್ರತಿ ಪೀಳಿಗೆಯಲ್ಲೂ ಇನ್ನಷ್ಟು ಬಿಸಿಯಾಗುತ್ತ ಹೋಯಿತು. 2004ರ ಪ್ರೆಸ್ಕಾಟ್‌ನಲ್ಲಿ ಒಂದು ಆದೇಶ 31 ಹಂತಗಳನ್ನು ದಾಟಬೇಕಿತ್ತು. ಅದರ ಮುಂದಿನ ತೇಜಸ್ ಎಂಬ ಯೋಜನೆಯನ್ನು ಅದೇ ವರ್ಷ ಕೈಬಿಟ್ಟರು. ಇತ್ತ ಇಸ್ರೇಲಿನ ಹೈಫಾದಲ್ಲಿ ಒಂದು ತಂಡ ಲ್ಯಾಪ್‌ಟಾಪಿಗೆಂದೇ ಬೇರೆ ಪ್ರೊಸೆಸರು ಮಾಡಿತ್ತು: 2003ರ ಪೆಂಟಿಯಂ ಎಂ. ಬ್ಯಾಟರಿಯ ಹಂಗಿನಲ್ಲಿ ದುಡಿದ ಆ ಎಂಜಿನಿಯರುಗಳು ಪ್ರತಿ ವ್ಯಾಟಿಗೂ ಲೆಕ್ಕ ಕೊಡಬೇಕಿತ್ತು. ಪ್ರತಿ ಮಿಡಿತದಲ್ಲೂ ಹೆಚ್ಚು ಕೆಲಸ ತೆಗೆಯುವ, ಬೇಡದ ಭಾಗವನ್ನು ಮಲಗಿಸುವ ವಿದ್ಯೆಯನ್ನು ಅವರು ಹದಗೊಳಿಸಿದರು. ಅದೇ ಬೇರಿನಿಂದ 2006ರಲ್ಲಿ ಕೋರ್ 2 ಎಂಬ ಪ್ರೊಸೆಸರು ಚಿಗುರಿತು. ಅದೇ ವರ್ಷ ಸರ್ವರಿನ ಜಿಯಾನ್‌ಗೂ ಅದೇ ಕೋರ್ ಹೋಯಿತು.

ಬೆಂಗಳೂರಿನ ಇಂಟೆಲ್ ತಂಡ ಆ ಕಾಲದಲ್ಲಿ ವೈಟ್‌ಫೀಲ್ಡ್ ಎಂಬ ಹೆಸರಿನ ಸರ್ವರ್ ಪ್ರೊಸೆಸರನ್ನು ರೂಪಿಸುತ್ತಿತ್ತು. 2005ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ವರ್ಷಗಟ್ಟಲೆ ದುಡಿದ ಚಿತ್ರ ಸಿಲಿಕಾನಿಗೆ ಇಳಿಯದೆ ಹೋದರೆ ಮಾಡಿದವರ ಮನಸ್ಸು ಏನಾಗಬೇಡ! ಆ ನಗರದ ಎಂಜಿನಿಯರುಗಳು ಅಲ್ಲಿಗೆ ಬಿಡಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಜಿಯಾನ್ 7400 ಬಂತು, ಒಳಹೆಸರು ಡನಿಂಗ್ಟನ್. ಆರು ಕೋರ್, 16 ಎಂಬಿ ಹಂಚಿಕೆಯ ಕ್ಯಾಶ್, 190 ಕೋಟಿ ಟ್ರಾನ್ಸಿಸ್ಟರ್. ಇಂಟೆಲ್‌ನ ಮೊದಲ ಆರು ಕೋರ್ ಪ್ರೊಸೆಸರು ಅದು, ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಒಳಗಿದ್ದದ್ದು ಎರಡೆರಡು ಕೋರ್‌ನ ಮೂರು ಜೋಡಿ, ಅವೆಲ್ಲ ಆ ಲ್ಯಾಪ್‌ಟಾಪ್ ಬೇರಿನ ಕೋರ್‌ಗಳೇ. ಸಾಫ್ಟ್‌ವೇರಿನ ಊರು ಎಂದು ಬೆಂಗಳೂರನ್ನು ಹೊಗಳುವವರು ಈ ಸಿಲಿಕಾನ್ ತುಂಡನ್ನೂ ನೆನೆಯಬೇಕು ಎಂಬುದು ನನ್ನ ಆಸೆ. ನಮ್ಮ ಶಾಲೆಯ ಪಾಠಗಳಲ್ಲಿ ಇದಕ್ಕೊಂದು ಪ್ಯಾರಾ ಸಲ್ಲುತ್ತದೆ.

ನನ್ನ ಮೇಜಿನ ಕೆಳಗಿರುವ ಜಿಯಾನ್‌ನದೂ ಇದೇ ಕಥೆ. ಅದರ ಕೋರ್‌ನ ಹೆಸರು ಬ್ರಾಡ್‌ವೆಲ್. ಆ ಪೀಳಿಗೆ ಮೊದಲು ಕಾಣಿಸಿಕೊಂಡದ್ದು 2014ರ ಕೊನೆಯಲ್ಲಿ, ಫ್ಯಾನೇ ಇಲ್ಲದ ತೆಳು ಯಂತ್ರಗಳಲ್ಲಿ. ನನ್ನ ಈ ಪ್ರೊಸೆಸರಾಗಿ ಬಂದದ್ದು ಸುಮಾರು ಒಂದೂವರೆ ವರ್ಷದ ಮೇಲೆ. ಮಗಳ ಲ್ಯಾಪ್‌ಟಾಪಿನ ಜೆನ್ 4 ಕೋರ್ ತದ್ವಿರುದ್ಧ ದಾರಿ ಹಿಡಿಯಿತು: 2022ರ ನವೆಂಬರಿನಲ್ಲಿ ಅದೇ ಕೋರ್ 96ರವರೆಗೆ ಜೊತೆಗೂಡಿ ಎಪಿಕ್ ಎಂಬ ಸರ್ವರ್ ಪ್ರೊಸೆಸರಾಗಿತ್ತು, ಮರುವರ್ಷ ಎಂಟಾಗಿ ಲ್ಯಾಪ್‌ಟಾಪಿಗೆ ಬಂತು. ಅಮೆಜಾನ್ 2018ರಲ್ಲಿ ತನ್ನ ಸರ್ವರುಗಳಿಗೆ ಮಾಡಿಕೊಂಡ ಮೊದಲ ಗ್ರಾವಿಟಾನ್‌ನಲ್ಲಿ ಇದ್ದದ್ದು ಮೊಬೈಲ್ ಫೋನುಗಳಿಗೂ ಹೋದ ಕೋರ್. ಹೀಗೆ ಕೋರ್ ಎಂಬ ಮೂಲ ಘಟಕದಲ್ಲಿ ಮೇಲು ಕೀಳಿಲ್ಲ. ವ್ಯತ್ಯಾಸವೆಲ್ಲ ಅದರ ಸುತ್ತ ಏನು ಕಟ್ಟಿದ್ದಾರೆ ಎಂಬುದರಲ್ಲಿದೆ.

ಸುತ್ತ ಕಟ್ಟಿದ್ದರಲ್ಲಿ ನನ್ನ ಗೌರವ ಗೆದ್ದದ್ದು ಮೆಮೊರಿ. ಹಳೆಯ ಯಂತ್ರದಿಂದ ಒಂದು ಮೆಮೊರಿ ಪಟ್ಟಿ ಕಳಚಿ ಹುಡುಗನ ಕೈಗೆ ಕೊಟ್ಟು, ಚಿಪ್ ಎಣಿಸಲು ಹೇಳಿದೆ. ಸಾಮಾನ್ಯ ಪಟ್ಟಿಯಲ್ಲಿ ಎಂಟರ ಲೆಕ್ಕದಲ್ಲಿ ಚಿಪ್ ಇದ್ದರೆ ಇದರಲ್ಲಿ ಒಂಬತ್ತರ ಲೆಕ್ಕ. ಪ್ರತಿ 64 ಬಿಟ್ ಮಾಹಿತಿಯ ಜೊತೆ 8 ಬಿಟ್ ಕಾವಲಿಗೆ. ಒಂದು ಬಿಟ್ ಸೊನ್ನೆಯಿಂದ ಒಂದಕ್ಕೋ ಒಂದರಿಂದ ಸೊನ್ನೆಗೋ ತಾನಾಗಿ ಮಗುಚಿದರೆ ಅದನ್ನು ಹುಡುಕಿ ಅಲ್ಲೇ ಸರಿಪಡಿಸುತ್ತದೆ. ಎರಡು ಮಗುಚಿದರೆ ಕನಿಷ್ಠ ಕೂಗಿ ಹೇಳುತ್ತದೆ. ಇದಕ್ಕೆ ಇಸಿಸಿ ಮೆಮೊರಿ ಎನ್ನುತ್ತಾರೆ.

"ಬಿಟ್ ತಾನಾಗೇ ಮಗುಚತ್ತಾ?" ಎಂದು ಅವನಿಗೆ ಅನುಮಾನ. ಉತ್ತರವಾಗಿ ಒಂದು ಚುನಾವಣೆಯ ಕಥೆ ಹೇಳಿದೆ. 2003ರ ಮೇ 18ರಂದು ಬೆಲ್ಜಿಯಂನಲ್ಲಿ ಸಂಸತ್ತಿನ ಚುನಾವಣೆ ನಡೆಯಿತು. ಬ್ರಸೆಲ್ಸ್ ಪ್ರದೇಶದ ಸ್ಕಾರ್‌ಬೇಕ್‌ನಲ್ಲಿ ಮತಯಂತ್ರದ ಲೆಕ್ಕದ ಪ್ರಕಾರ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತ ಬಂದಿತ್ತು. ಮತ್ತೆ ಎಣಿಸಿದಾಗ ಹೆಚ್ಚುವರಿ ಸಿಕ್ಕಿದ್ದು ಸರಿಯಾಗಿ 4096. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ ಅದು; ಅಂದರೆ ಹದಿಮೂರನೇ ಬಿಟ್ ಒಂದೇ ಒಂದು ಮಗುಚಿದರೆ ಆಗುವ ವ್ಯತ್ಯಾಸ. ತಂತ್ರಾಂಶದಲ್ಲಿ ತಪ್ಪು ಸಿಗಲಿಲ್ಲ. ಬಾಹ್ಯಾಕಾಶದಿಂದ ಬಂದ ಕಣವೊಂದು ತಾಗಿ ಬಿಟ್ ಮಗುಚಿರಬಹುದು ಎಂಬ ವಿವರಣೆ ಉಳಿಯಿತು. 2009ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದವರೂ ಗೂಗಲ್‌ನವರೂ ಸೇರಿ ಗೂಗಲ್‌ನ ಸರ್ವರುಗಳನ್ನೇ ಅಧ್ಯಯನ ಮಾಡಿ ಪ್ರಕಟಿಸಿದ ಲೆಕ್ಕದಂತೆ, ಒಂದು ವರ್ಷದಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳು ಒಂದಾದರೂ ದೋಷ ಕಂಡಿದ್ದವು. ಮನೆಯಲ್ಲಿ ಒಂದು ಬಿಟ್ ಮಗುಚಿದರೆ ಫೋಟೋದಲ್ಲೊಂದು ಚುಕ್ಕೆ ಬಣ್ಣಗೆಟ್ಟೀತು. ಬ್ಯಾಂಕಿನಲ್ಲಿ, ರಕ್ತದ ವರದಿಯಲ್ಲಿ, ಮತಪಟ್ಟಿಯಲ್ಲಿ ಹಾಗಾಗಕೂಡದು. ಆ ಒಂಬತ್ತನೇ ಚಿಪ್ ವೇಗಕ್ಕೆ ಒಂದು ಕೂದಲೆಳೆಯನ್ನೂ ಸೇರಿಸುವುದಿಲ್ಲ, ಯಾವ ಜಾಹೀರಾತಿನಲ್ಲೂ ಅದರ ಚಿತ್ರ ಬರುವುದಿಲ್ಲ. ಸರ್ವರ್ ಪ್ರೊಸೆಸರಿನ ಘನತೆ ನನಗೆ ಕಂಡದ್ದು ಅಲ್ಲಿ.

ಪ್ರಮಾಣದ ಮಾತೂ ಇದೆ. ಈ ಜಿಯಾನ್ ನಾಲ್ಕು ದಾರಿಗಳಲ್ಲಿ ಮೆಮೊರಿಯ ಜೊತೆ ಮಾತಾಡುತ್ತದೆ, 1.5 ಟಿಬಿವರೆಗೆ ನಿಭಾಯಿಸಬಲ್ಲದು. ನನ್ನದರಲ್ಲಿ 128 ಜಿಬಿ ಇದೆ; ಮಗಳದರಲ್ಲಿ 16, ಅದೂ ಬೆಸುಗೆ ಹಾಕಿದ್ದು, ಜೀವಮಾನವಿಡೀ ಅಷ್ಟೇ. ಪ್ರಶ್ನೆಗೆ ಉತ್ತರ ಬರೆಯುವ, ಏಳು ಸಾವಿರ ಕೋಟಿ ಅಂಕಿಗಳ ಭಾಷಾ ಮಾದರಿಯೊಂದನ್ನು ಹಿಂಡಿ ಕಿರಿದು ಮಾಡಿದರೂ ಅದಕ್ಕೆ ಸುಮಾರು 40 ಜಿಬಿ ಬೇಕು. ಲ್ಯಾಪ್‌ಟಾಪಿನಲ್ಲಿ ಅದು ಕಾಲಿಡಲೂ ಆಗದು. ಹಳೆಯ ಯಂತ್ರದಲ್ಲಿ ಆರಾಮಾಗಿ ಕೂರುತ್ತದೆ. ಓಟ ಮಾತ್ರ ನಿಧಾನ. ಮಾದರಿ ಬರೆಯುವ ಪ್ರತಿ ತುಣುಕು ಪದಕ್ಕೂ ಆ 40 ಜಿಬಿಯನ್ನು ಪೂರ್ತಿ ಒಮ್ಮೆ ಓದಬೇಕು, ಮೆಮೊರಿಯ ದಾರಿಗಳಲ್ಲಿ ಸೆಕೆಂಡಿಗೆ ಹರಿಯುವುದು ಹೆಚ್ಚೆಂದರೆ 76.8 ಜಿಬಿ. ಸೆಕೆಂಡಿಗೆ ಎರಡು ತುಣುಕು ಕೂಡ ಪೂರ್ತಿ ಬರದು. ಆದರೂ ಬರುತ್ತದಲ್ಲ! ಮೆಮೊರಿಯ ವಿಷಯದಲ್ಲಿ ನಿಧಾನಕ್ಕೂ ಆಗದೇ ಇರುವುದಕ್ಕೂ ಬಹಳ ದೂರ.

ಇನ್ನು ಕರೆಂಟು. ಪ್ಲಗ್ಗಿಗೆ ಮೀಟರು ಸಿಕ್ಕಿಸಿ ನೋಡಿದ್ದೇನೆ: ಜಿಯಾನ್ ಯಂತ್ರ ಸುಮ್ಮನೆ ಕೂತಾಗಲೂ 70 ವ್ಯಾಟ್ ಆಸುಪಾಸು ಎಳೆಯುತ್ತದೆ, ದುಡಿಯುವಾಗ 180 ಮುಟ್ಟುತ್ತದೆ. ಲ್ಯಾಪ್‌ಟಾಪ್ ಪರದೆಯೂ ಸೇರಿ ಮೈಮುರಿದು ದುಡಿಯುವಾಗಲೂ 50 ದಾಟಿದ್ದು ಕಂಡಿಲ್ಲ. ಒಂದೇ ಪುಸ್ತಕಕ್ಕೆ ಒಂದು ಯಂತ್ರ ಇನ್ನೊಂದರ ನಾಲ್ಕು ಪಟ್ಟು ವಿದ್ಯುತ್ ನುಂಗುತ್ತದೆ ಎಂದಾಯಿತು. ಹಳೆಯದನ್ನು ತಿಂಗಳಿಡೀ ಆರಿಸದೆ ಸುಮ್ಮನೆ ಬಿಟ್ಟರೂ 50 ಯೂನಿಟ್. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಗರಿಷ್ಠ ಮಿತಿಯೇ 200 ಯೂನಿಟ್. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲು ನಮ್ಮ ಮೇಲೆ. ಡೇಟಾ ಸೆಂಟರಿನವರು ಸುಸ್ಥಿತಿಯಲ್ಲಿರುವ ಪ್ರೊಸೆಸರುಗಳನ್ನು ಯಾಕೆ ಹೊರಗೆ ಹಾಕುತ್ತಾರೆ ಎಂಬುದಕ್ಕೆ ಉತ್ತರವೂ ಈ ಲೆಕ್ಕದಲ್ಲೇ ಇದೆ. ಅವರಿಗೆ ಯಂತ್ರ ಓಡಿಸುವ ಕರೆಂಟಿನ ಮೇಲೆ ಅದರ ಬಿಸಿಯನ್ನು ತಣಿಸುವ ಕರೆಂಟೂ ಸೇರುತ್ತದೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಈ ಜಿಯಾನ್‌ನಲ್ಲಿ ಗ್ರಾಫಿಕ್ಸ್ ಇಲ್ಲ, ಪರದೆ ಬೆಳಗಲು ಬೇರೆ ಕಾರ್ಡು ಬೇಕು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರುಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿಯಿತು, ಹಾಗಾಗಿ ಲಿನಕ್ಸ್ ಹಾಕಿಕೊಳ್ಳುವುದೇ ನೇರ ದಾರಿ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಎಂಬ ಭದ್ರತಾ ದೋಷ ಇದಕ್ಕಿದೆ. ತೇಪೆ ಹಾಕಿದರೆ ಸ್ವಲ್ಪ ವೇಗ ಕಳೆಯುತ್ತದೆ, ಹಾಕದೆ ಇರುವುದು ಸರಿಯಲ್ಲ. ಇದರ ಹೊಗಳಿಕೆಗೂ ಒಂದು ಬಾಕಿ ಇದೆ: 40 ಪಿಸಿಐ ಎಕ್ಸ್‌ಪ್ರೆಸ್ ದಾರಿಗಳು. ಹಲವು ಡಿಸ್ಕು, ಹಲವು ಕಾರ್ಡು ಸೇರಿಸಿಕೊಳ್ಳಬಹುದು.

ಹುಡುಗ ಊರಿಗೆ ಹೊರಡುವಾಗ, ಕಾಲೇಜಿಗೆ ಯಾವುದನ್ನು ಕೊಳ್ಳಲಿ ಎಂದು ಕೇಳಿದ. ಲ್ಯಾಪ್‌ಟಾಪ್ ಎಂದೆ, ಒಂದು ಕ್ಷಣವೂ ಯೋಚಿಸದೆ. ಮನೆಗೆ ಒಂದೇ ಯಂತ್ರ ಕೊಳ್ಳುವ ಯಾರಿಗಾದರೂ ಅದೇ ಹೇಳುತ್ತೇನೆ. ಕೋರ್‌ಗಳ ಎಣಿಕೆ ಕೇಳಿ ಹತ್ತು ವರ್ಷ ಹಳೆಯ ಪ್ರೊಸೆಸರಿಗೆ ಮಾರುಹೋಗಬೇಡಿ. ಬಹಳ ಮೆಮೊರಿ ಬೇಕಾದ ಕೆಲಸ ನಿಮ್ಮದಾಗಿದ್ದರೆ, ಬೇಕಾದಾಗ ಹಾಕಿ ಬೇಡವಾದಾಗ ಆರಿಸುವ ಅಭ್ಯಾಸ ಇದ್ದರೆ, ಎಸ್.ಪಿ. ರಸ್ತೆಯ ಹಳೆಯ ಜಿಯಾನ್ ಧಾರಾಳವಾಗಿ ಕೊಳ್ಳಿ. ಅಂಗಡಿಯಲ್ಲಿ ನಿಂತಾಗ ಮುಚ್ಚಳದ ಮೇಲೆ ಪೀಳಿಗೆ ತಿಳಿಸುವ ವಿ3, ವಿ4 ಎಂಬ ಗುರುತನ್ನು ಓದಿ. ಮೆಮೊರಿ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಚಿಪ್ ಎಣಿಸಿ, ಆ ಮದರ್‌ಬೋರ್ಡ್ ಇಸಿಸಿಗೆ ಒಗ್ಗುತ್ತದೆಯೇ ಎಂದು ಕೇಳಿ, ಹಣ ಕೊಡುವ ಮುಂಚೆ ಅಲ್ಲೇ ಓಡಿಸಿ ತೋರಿಸಲು ಹೇಳಿ.